ಸರ್ವರ್ ಕಳಿಸಿದ ಸುದ್ದಿ

ಸ್ಟುಡಿಯೋ ಮಾಲೀಕರಿಗೆ ನಮಸ್ಕಾರ,

ನಾವಿಬ್ಬರೂ ಸರ್ವರ್ ಪ್ರೋಗ್ರಾಮಿಂಗ್ ಕಲಿಯುತ್ತಾ ನಿಮ್ಮ ವೆಬ್‌ಸೈಟ್ ಕಟ್ಟಿದಾಗ, "ಎರರ್ ಕಂಡ್ರೆ ನಂಗೆ ಕೈಕಾಲೇ ಆಡಲ್ಲ ಕಣೇ, ನೀನೇ ನೋಡ್ಕೋ" ಎಂದು, ಸೈಟ್ ಕೆಟ್ಟಾಗ ಸರ್ವರ್ ಕಳಿಸುವ ಎರರ್ ಮೇಲ್‌ಗಳೆಲ್ಲ ನನಗೇ ಬರುವಂತೆ ಮಾಡಿದ್ದಿರಿ. ವಿಚ್ಛೇದನವಾದ ಮೇಲೂ ಅವು ನನಗೇ ಬರುತ್ತಿವೆ.

ಇವತ್ತು ಬೆಳಿಗ್ಗೆ ಬಂದದ್ದು ಅದೇ ಸೈಟಿನಲ್ಲಿ ನೀವು ಹಾಕಿರುವ ನಿಮ್ಮ ಎರಡನೇ ಮದುವೆಯ ಆಮಂತ್ರಣದ ಪುಟದಿಂದ. ನನಗೆ ಸುದ್ದಿ ತಿಳಿದದ್ದೇ ಹಾಗೆ. ಅತಿಥಿಗಳು ಫೋನ್ ನಂಬರ್ ಬರೆಯದೆ ಬಿಟ್ಟರೆ ಪುಟ ಕೆಡುತ್ತಿದೆ. ಪಾಪ, ನಿಮ್ಮ ಸೋದರತ್ತೆ 'ಬರುತ್ತೇನೆ' ಎಂಬ ಬಟನ್ ಮತ್ತೆ ಮತ್ತೆ ಒತ್ತಿ ನೋಡಿದ್ದಾರೆ; ಮೇಲ್ ತುಂಬ ಅವರದೇ ಹೆಸರು. ನಂಬರ್ ಖಾಲಿಯಿದ್ದರೂ ಒಪ್ಪಿಕೊಳ್ಳುವಂತೆ ಕೋಡ್ ತಿದ್ದಿ.

ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ ನನ್ನ ವಿಳಾಸ ಅಳಿಸಿ, ನಿಮ್ಮದನ್ನು ಹಾಕಿ. ನೀವು ಮದುವೆಯಾಗಲಿರುವವಳದನ್ನು ಹಾಕಬೇಡಿ. ನಿಮ್ಮ ತಪ್ಪುಗಳನ್ನು ಇನ್ನಾದರೂ ನೀವೇ ಓದಿಕೊಳ್ಳಿ.

ಇಂತಿ,
ಹಿಂದೆ ನಿಮ್ಮ ಹೆಂಡತಿಯಾಗಿದ್ದವಳು