ಆರಿಸಿದ ಎರಡು ಸ್ವಿಚ್

ಅಕ್ಟೋಬರ್ ೯, ಗುರುವಾರ

ಇಂದು ನನ್ನ ಘನ ಹಸ್ತದಿಂದ ಒಂದು ಮಹತ್ಕಾರ್ಯ ನಡೆದಿದೆ. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಚಿಕ್ಕಪ್ಪನದು ಸೂರಿನಂಚಿನ ಮಳೆನೀರಿನ ದೋಣಿಗಳಲ್ಲಿ ಕಟ್ಟಿಕೊಂಡ ಎಲೆ, ಕೆಸರು ತೆಗೆಯುವ ಕೆಲಸ. ನಾನು ಕೆಳಗೆ ಏಣಿ ಹಿಡಿಯುವ ಮಂತ್ರಿ. ಹೋದ ತಿಂಗಳು ಜಾರಿಬಿದ್ದ ಮೇಲೆ ಅವರ ಮಂಡಿ ಮೊದಲಿನಂತಿಲ್ಲ. ನೆಲದ ಮೇಲೆ ನಿಂತೇ ಉದ್ದ ಕೊಳವೆಯಿಂದ ಕಸ ಎಳೆಯುವ ವ್ಯಾಕ್ಯೂಮ್ ಯಂತ್ರ ಕೊಳ್ಳಲೇಬೇಕೆಂದು ಚಿಕ್ಕಮ್ಮ ಹಟ ಹಿಡಿದು ನಮ್ಮನ್ನು ಅಂಗಡಿಗೆ ಕಳಿಸಿದರು.

ಅಂಗಡಿಯವನು ಮೂರು ಮೋಟಾರಿನ ಯಂತ್ರವನ್ನು ಹೊಗಳಿದ್ದೇ ಹೊಗಳಿದ್ದು. ಅವನ ಮುಖ ಪೆಚ್ಚಾಗುವುದನ್ನು ನೋಡುವ ಆಸೆಯಿಂದ, ಯಂತ್ರದ ಹಿಂದಿನಿಂದ ಮೂರರಲ್ಲಿ ಎರಡು ಮೋಟಾರಿನ ಸ್ವಿಚ್ ಆರಿಸಿ, ಪರಮ ಗಂಭೀರನಾಗಿ ಕೈಕಟ್ಟಿ ನಿಂತೆ. ಅವನು ತೋರಿಸಲೆಂದು ಎಳೆಸಿದ ಒದ್ದೆ ಎಲೆ ಕೊಳವೆಯ ಅರ್ಧಕ್ಕೇ ಸಿಕ್ಕಿಕೊಂಡಿತು. ಅವನು ಬೆವರುತ್ತ ಕೊಳವೆ ಅಲ್ಲಾಡಿಸಿದ. ಇನ್ನೇನು ಸ್ವಿಚ್ ಹಾಕಿ ನಗಬೇಕು, ಅಷ್ಟರಲ್ಲಿ ಚಿಕ್ಕಪ್ಪ, "ಇದಕ್ಕಿಂತ ನನ್ನ ಕೈಯೇ ವಾಸಿ. ನಡೀರಿ ಮಂತ್ರಿಗಳೇ" ಎಂದು ಹೊರಟೇಬಿಟ್ಟರು. ಅಂಗಡಿಯವನ ಎದುರು ಬಾಯಿ ಬಿಡಲು ನನಗೆ ನಾಚಿಕೆಯಾಯಿತು.

ಊಟಕ್ಕೆ ಕೂತಾಗ ಚಿಕ್ಕಮ್ಮ ಬಿಡಲಿಲ್ಲ. "ಸರಿಯಾಗಿ ನೋಡಿದ್ರಾ?"

"ನನ್ನ ಮಾತು ಬೇಡ, ಇವನನ್ನೇ ಕೇಳು. ಪಕ್ಕದಲ್ಲೇ ನಿಂತಿದ್ದ."

ನಾನು ಹೌದೆಂದು ತಲೆಯಾಡಿಸಿದೆ. ಚಿಕ್ಕಮ್ಮ ಮತ್ತೆ ಕೇಳಲಿಲ್ಲ. ನನ್ನ ಮಾತನ್ನು ಈ ಮನೆಯಲ್ಲಿ ನಂಬಲು ಇಂದೇ ಮುಹೂರ್ತ ಸಿಕ್ಕಬೇಕಿತ್ತೇ?

ನಾಳೆ ಚಿಕ್ಕಪ್ಪ ಏಣಿ ಹತ್ತಬೇಕಿರುವುದು ಮೂರಂತಸ್ತಿನ ಮನೆಗೆ. ಪಕ್ಕದ ಕೋಣೆಯಲ್ಲಿ ಅವರು ಇನ್ನೂ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಈಗಲೇ ಹೇಳಿಬಿಡಬೇಕು. ಬೈದರೆ ಬೈಸಿಕೊಳ್ಳಬಹುದು, ಎರಡು ಏಟು ಬಿಟ್ಟರೂ ತಡೆದುಕೊಳ್ಳಬಹುದು. ಆದರೆ ನನ್ನ ಎಲ್ಲ ಕಿತಾಪತಿಗೂ ನಗುವ ಮನುಷ್ಯ ಅವರು. ಇದಕ್ಕೂ ಹಾಗೇ ನಕ್ಕುಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳಲಿ? ಇರಲಿ, ಎದ್ದು ಹೋಗುತ್ತೇನೆ.