ಕೆಂಪು ಆಲ್ಫಾದ ಎರಡು ಉಸಿರು

ನಿವೆಸ್,

ಹತ್ತರ ಬಸ್ಸಿಗೆ ಬೊಲೋನ್ಯಾದ ಆಸ್ಪತ್ರೆಗೆ ಹೊರಟೆ. ನಿನ್ನೆಯ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ.

ಗುಜರಿಯಿಂದ ತಂದ ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಕೆಂಪು ಆಲ್ಫಾ ಕಾರಿನಲ್ಲಿ ಹಳೆಯದರ ಪಕ್ಕ ಕೂರಿಸಿದ್ದೇನೆ. ಕಣ್ಣು, ಕೈ ಮಾಡುವ ಕೆಲಸ ಮುಗಿಯಿತು. ಉಳಿದದ್ದು ಕಿವಿಯ ಕೆಲಸ. ಅದನ್ನು ನೀನು ಮಾಡು.

ಇಂಜಿನ್ ಬಿಸಿಯಾದ ಮೇಲೆ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದಾದ ಮೇಲೊಂದು ಕಾರ್ಬ್ಯುರೇಟರಿನ ಗಾಳಿ ಎಳೆಯುವ ಬಾಯಿಗೆ ಇಡು. ಎರಡರ ಉಸಿರೂ ಒಂದೇ ಸಮ ಕೇಳಿಸುವವರೆಗೆ ನಡುವಿನ ಸ್ಕ್ರೂ ತಿರುಗಿಸು. ಕೂದಲು ಕಟ್ಟಿಕೋ, ಫ್ಯಾನಿಗೆ ಸಿಕ್ಕೀತು.

“ಆ ಕೊಳವೆ ಯಾರೂ ಮುಟ್ಟಂಗಿಲ್ಲ ಅಂತಿದ್ದೆಯಲ್ಲಪ್ಪಾ?” ಎಂದು ಕೇಳುತ್ತೀಯ, ಗೊತ್ತು. ಭಾನುವಾರ ನೀನು ಮೆಟ್ಟಿಲ ಮೇಲಿಂದ “ಅಪ್ಪಾ, ಊಟಕ್ಕೆ ಬಾ” ಎಂದು ಮೂರು ಸಲ ಕೂಗಿದೆಯಂತೆ. ಪಕ್ಕದ ಮನೆಯ ಎರ್ಸಿಲಿಯಾ ಹೇಳಿದಳು. ನಾನು ತಿರುಗಿಯೂ ನೋಡಲಿಲ್ಲವೆಂದು ಅವತ್ತಿನಿಂದ ಮಾತು ಬಿಟ್ಟಿದ್ದೀಯ. ನಾನು ತಿರುಗದಿದ್ದದ್ದು ಸಿಟ್ಟಿನಿಂದಲ್ಲ, ಮಗಳೇ. ಕೇಳಿಸಲಿಲ್ಲ. ಚಳಿಗಾಲದಿಂದ ಕೊಳವೆಯಲ್ಲೂ ಏನೂ ಕೇಳಿಸುತ್ತಿಲ್ಲ. ಅಂದಾಜಿನ ಮೇಲೆ ತಿರುಗಿಸುತ್ತಿದ್ದೆ. ರಿಪೇರಿ ಮಾಡಿ ಕೊಟ್ಟ ಎರಡು ಕಾರು ವಾಪಸು ಬಂದದ್ದು ಅದಕ್ಕೇ.

ಸಂಜೆ ನಾನು ಬಂದಾಗ ಹಿಂದಿನಿಂದ ಕೂಗಬೇಡ. ಎದುರಿಗೆ ಬಂದು, ನನ್ನ ಕೈ ಹಿಡಿದು, ಇಂಜಿನ್ ಓಡುತ್ತಿರುವ ಆಲ್ಫಾದ ಬಾನೆಟ್ಟಿನ ಮೇಲಿಡು. ಎರಡು ಉಸಿರು ಒಂದಾದದ್ದು ಕೈಗೆ ತಿಳಿಯುತ್ತದೆ.

ಅಪ್ಪ