ಪರ್ವತಯ್ಯನ ಪೆಟ್ಟಿಗೆ ಉಸಿರಾಡಿತು

ಮಧುಗಿರಿ
16-11-2025

ಪ್ರೀತಿಯ ತಮ್ಮ ಪರ್ವತಯ್ಯನಿಗೆ, ಅಕ್ಕನ ಮನಸಾರೆ ಆಶೀರ್ವಾದ.

ಹೆಂಗಿದ್ದೀಯಪ್ಪಾ? ಲಕ್ವ ಹೊಡೆದ ಬಲಗೈಗೆ ದಿನಾ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯಾ? ವೈ.ಎನ್.ಹೊಸಕೋಟೆಯಲ್ಲಿ ಈಗ ಹಸಿ ಕಡಲೆಕಾಯಿ ಕಾಲ. ಮಗಳು ಬೇಯಿಸಿ ಕೊಟ್ಟಳು ಅಂತ ಮಿತಿಮೀರಿ ತಿನ್ನಬೇಡ. ಮಾತು ತೊದಲುತ್ತದೆ ಅಂತ ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಓದೋಕೆ ನಾಲಗೆ ಬೇಡವಲ್ಲ.

ನಾಟಕದ ಮೇಷ್ಟ್ರಿಕೆ ಬಿಟ್ಟು ಮಗಳ ಊರಿಗೆ ಹೊರಡುವಾಗ ನೀನು "ನನ್ ಹಾರ್ಮೋನಿಯಂನ ಇನ್ಯಾವನಾದ್ರೂ ಮೇಷ್ಟ್ರಿಗೆ ಕೊಟ್ಬುಡಿ" ಅಂದಿದ್ದೆ. ನಾನು ಕೊಡಲಿಲ್ಲ, ನಿನ್ನ ಜೊತೆಗೇ ಕಾರಿಗೆ ಏರಿಸಿದೆ. ಅದಕ್ಕೂ ಮೊದಲು ನನ್ನ ಮೊಮ್ಮಗಳು ಬಿಂದುಶ್ರೀ ನಿನ್ನನ್ನು ಕೇಳಿಯೇ ಗಾಳಿ ತುಂಬುವ ತಿದಿಗೂ ಸ್ವರದ ಕೀಗಳಿಗೂ ಅದೇನೋ ಸೆನ್ಸರ್ ಅಂಟಿಸಿದಳಲ್ಲ, "ಏನಾದ್ರೂ ಮಾಡ್ಕೋ ಹೋಗು" ಅಂದೆಯಲ್ಲ, ಆ ಪೆಟ್ಟಿಗೆ ಈಗ ತನ್ನ ಹೆಸರಲ್ಲೇ ನಮ್ಮ ನಾಟಕದವರ ವಾಟ್ಸಾಪ್ ಗುಂಪಿಗೆ ಬರೆಯುತ್ತದೆ, ಥೇಟ್ ಮುನಿದ ಅತ್ತೆಯಂಗೆ! "ಇವತ್ತೂ ನನ್ನ ಯಾರೂ ಮುಟ್ಟಲಿಲ್ಲ. ಮೈಯೆಲ್ಲಾ ಧೂಳು." ದಿನಾ ಇದೇ ರಾಗ. ನಾಟಕಕ್ಕೆ ಸೀನರಿ ಕಟ್ಟುವ ಶಿರಾದ ಖಲೀಲ್ ಸಾಬರು ಅದಕ್ಕೆ ಜವಾಬು ಬೇರೆ ಬರೆಯುತ್ತಾರೆ: "ಅಳಬೇಡ ಬೇಟಿ, ನಿಮ್ಮ ಮೇಷ್ಟ್ರಿಗೆ ಹೇಳು, ನನ್ನ ಅರಮನೆ ಪರದೇನ ಇಲಿ ತಿಂತಾ ಐತೆ." ಎಲ್ಲರೂ ನಗೋರು. ನನಗೆ ಮಾತ್ರ ಭಯ, ನನ್ನ ತಮ್ಮ ಹಿಂಗೇ ಗೋಡೆ ನೋಡ್ಕೊಂಡು ಕೂತುಬಿಡ್ತಾನೇನೋ ಅಂತ.

ಮೊನ್ನೆ ಶುಕ್ರವಾರ ಪೆಟ್ಟಿಗೆ ಬರೆಯಿತು: "ಉಸಿರು ಬಂತು! ಎರಡನೇ ಕಪ್ಪು ಕೀ, ಅದೊಂದೇ ಸ್ವರ." ಯಾರೋ ಮಕ್ಕಳು ಒತ್ತಿರಬೇಕು ಅಂದರು ಎಲ್ಲ. ಬಿಂದು ಫೋನಿನಲ್ಲಿ ಸೆನ್ಸರಿನ ಲೆಕ್ಕ ನೋಡಿ, "ವಿಚಿತ್ರ ಕಣಜ್ಜಿ, ತಿದಿ ಆಡುವಾಗ ಸ್ವರ ಇಲ್ಲ, ಸ್ವರ ಬರುವಾಗ ತಿದಿ ನಿಂತಿರುತ್ತೆ" ಅಂದಳು. ನನಗೆ ತಕ್ಷಣ ಹೊಳೆಯಿತು. ಎರಡು ಕೈಯಿರುವ ಯಾವ ಮಗು ಹಂಗೆ ನುಡಿಸುತ್ತದೆ? ಎಡಗೈಯಲ್ಲಿ ಗಾಳಿ ತುಂಬಿ, ಅದು ಖಾಲಿಯಾಗುವ ಮೊದಲು ಅದೇ ಕೈಯನ್ನು ಸ್ವರಕ್ಕೆ ತಂದವನು ನೀನೇ. ಅದೂ ಕಪ್ಪು ಎರಡು, ನಮ್ಮ ನಾಟಕದ ರಂಗಸ್ವಾಮಿ ಭೀಮನ ಪಾತ್ರಕ್ಕೆ ಹಾಡುವ ಶ್ರುತಿ! ಅವನಿಗೆ ಹೇಳಿಕಳಿಸಿದರೆ ಆ ಮುದಿ ಭೀಮ ಹೊಲದಲ್ಲೇ ಕಂದಪದ್ಯ ಎತ್ತಿ ಹಾಡಿದನಂತೆ, ಕೂಲಿಯವರು ಕಡಲೆಗಿಡ ಕೀಳೋದು ಬಿಟ್ಟು ಶಿಳ್ಳೆ ಹೊಡೆದರಂತೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ ಕಣಪ್ಪ.

ಸಿದ್ದರಬೆಟ್ಟದ ಸಿದ್ದಪ್ಪ ನಿನ್ನ ಕಾಯಲಿ. ಮಗಳು ಅಳಿಯನಿಗೆ ಕೇಳಿದೆ ಅಂತ ಹೇಳು.

ನಿನ್ನ ಅಕ್ಕ,
ರಾಜಲಕ್ಷ್ಮಮ್ಮ

ಬರೆಯೋದೇ ಮರೆತೆ: ಶಿವರಾತ್ರಿ ನಾಟಕಕ್ಕೆ ಬೇರೆ ಮೇಷ್ಟ್ರನ್ನು ಕರೆಸಬಾರದು ಅಂತ ಎಲ್ಲರೂ ಒಪ್ಪಿದ್ದಾರೆ. ಮುಂದಿನ ಭಾನುವಾರ ಪಾವಗಡದ ಬಸ್ಸು ಹತ್ತಿ ಬರುತ್ತೇನೆ. ನಿನ್ನ ಎಡಗೈ ಸ್ವರದ ಮೇಲೇ ಇರಲಿ, ತಿದಿ ನಾನು ಒತ್ತುತ್ತೇನೆ.